ಕ್ರೋಮ್ ಭಾಳ ನಿಧಾನ, ಮೂಲ್ಯಾಗ ವೈರಸ್ ನೋಟಿಫಿಕೇಶನ್ ನಿಲ್ಲವಲ್ವು, ಒಂದು ಎಕ್ಸ್‌ಟೆನ್ಶನ್‌ಗೆ ರಿಮೂವ್ ಬಟನ್ನ ಇಲ್ಲ

ಉಣಕಲ್ಲ ಕೆರಿ (ಹುಬ್ಬಳ್ಳಿ)

ನಮಸ್ಕಾರ್ರಿ ಎಲ್ಲಾರಿಗೂ. ವಿದ್ಯಾನಗರದಾಗ ಜೆರಾಕ್ಸ್ ಮತ್ತ ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಐತ್ರಿ. ಮೂರು ಕಂಪ್ಯೂಟರ್‌ದಾಗ ಒಂದು ಭಾಳ ಕಾಟ ಕೊಡಾಕತ್ತೈತಿ. ವಿಂಡೋಸ್ 10, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಇಲ್ಲ. ಕ್ರೋಮ್ ಅಪ್‌ಡೇಟ್ ಆಗೈತಿ.

ಸ್ಕ್ರೀನಿನ ಬಲಗಡೆ ಕೆಳಗ "ಕಂಪ್ಯೂಟರಿಗೆ ವೈರಸ್ ಹೊಕ್ಕಾವ, ಈಗಿಂದೀಗ ಸ್ವಚ್ಛ ಮಾಡ್ರಿ" ಅನ್ನೋ ಇಂಗ್ಲಿಷ್ ನೋಟಿಫಿಕೇಶನ್ ಒಂದರ ಮ್ಯಾಲೊಂದು ಬರ್ತಾವ. ಕ್ರೋಮ್ ಮುಚ್ಚಿದ್ರೂ ಬರ್ತಾವ. ಹುಡುಕಾಕ ಏನರ ಟೈಪ್ ಮಾಡಿದ್ರ ಗೂಗಲ್ ಬದ್ಲಿ ಬ್ಯಾರೆ ಯಾವ್ದೋ ಸರ್ಚ್ ಪುಟ ತಗೀತೈತಿ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ವಾಟ್ಸಾಪ್ ವೆಬ್ ಮೂರೂ ಟ್ಯಾಬ್ ಒಮ್ಮೆ ತಗದ್ರ ಹೊಡದ ಅಕ್ಷರ ತಡಾ ಮಾಡಿ ಮೂಡ್ತಾವ, ಒಟಿಪಿ ಹಾಕೋದ್ರಾಗ ಟೈಮ್ ಮುಗದಿರ್ತೈತಿ.

ಎಕ್ಸ್‌ಟೆನ್ಶನ್ (ಕ್ರೋಮಿಗೆ ಜೋಡಿಸೋ ಸಣ್ಣ ಪ್ರೋಗ್ರಾಮ್) 14 ಅದಾವ: ಪಿಡಿಎಫ್ ಕನ್ವರ್ಟರ್ ಎರಡು, ಫೋಟೋ ಕೆಬಿ ಕಡಿಮಿ ಮಾಡೋದು, ಕನ್ನಡ ಟೈಪಿಂಗ್, ಕೂಪನ್, ಸ್ಕ್ರೀನ್‌ಶಾಟ್, ವಿಡಿಯೋ ಡೌನ್‌ಲೋಡ್, ಆ್ಯಡ್ ಬ್ಲಾಕರ್ ಎರಡು, ಡಿಜಿಟಲ್ ಸಹಿದೊಂದು, ಹಿಂಗ. ಪಿಡಿಎಫ್ ಎರಡರಾಗ ಒಂದಕ್ಕ ರಿಮೂವ್ ಬಟನ್ ಇಲ್ಲ, ಆನ್-ಆಫ್ ಗುಂಡಿನೂ ಮಾಸಿದ ಬಣ್ಣ, ಒತ್ತಿದ್ರ ಸರಿಯಂಗಿಲ್ಲ. ಮೂರು ಚುಕ್ಕಿ ಮೆನುವಿನ ಬುಡಕ್ಕ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತ ಐತಿ. ನಮ್ಮದು ಯಾವ ಆರ್ಗನೈಸೇಶನ್ ರೀ, ಒಂದು ಸಣ್ಣ ಅಂಗಡಿ.

ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿದ ಯುಎಸ್‌ಬಿ ಕಡ್ಡಿ), ಬೆರಳಚ್ಚಿನ ಮಶೀನ್ ಇದ ಕಂಪ್ಯೂಟರಿಗೆ ಅದಾವ. ಅವು ಕೆಡಬಾರದು. ಫಾರ್ಮ್ಯಾಟ್ ಹೊಡೀದ ಸರಿ ಆಗ್ತೈತೇನ್ರಿ?

ಬೆಟಗೇರಿ ಮಗ್ಗ (ಗದಗ)

ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕ್ರಿ. ಎಲ್ಲಾ ಹೋಗ್ತೈತಿ.

ಸಾಧನಕೇರಿ (ಧಾರವಾಡ)

ಮಗ್ಗ ಅವರೆ, ಅದರಿಂದ ಹೋಗುವುದಿಲ್ಲ. ಕ್ರೋಮ್ ತೆಗೆಯುವಾಗ "ಬ್ರೌಸಿಂಗ್ ಡೇಟಾ ಕೂಡ ಅಳಿಸು" ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಹಳೆಯ ಪ್ರೊಫೈಲ್ ಹಾಗೇ ಉಳಿಯುತ್ತದೆ. ಹೊಸ ಕ್ರೋಮ್ ಬಂದು ಅದೇ ಪ್ರೊಫೈಲನ್ನು, ಅಂದರೆ ಅವೇ ಎಕ್ಸ್‌ಟೆನ್ಶನ್, ಅವೇ ನೋಟಿಫಿಕೇಶನ್ ಅನುಮತಿಗಳನ್ನು ಎತ್ತಿಕೊಳ್ಳುತ್ತದೆ. ಟಿಕ್ ಹಾಕಿ ಅಳಿಸಿದರೂ ಗೂಗಲ್ ಖಾತೆಗೆ ಸೈನ್‌ಇನ್ ಆದ ಕೂಡಲೆ ಸಿಂಕ್ ಮೂಲಕ ಎಕ್ಸ್‌ಟೆನ್ಶನ್‌ಗಳು ವಾಪಸ್ ಇಳಿಯುತ್ತವೆ. ಇನ್ನು ಬಟನ್ ಇಲ್ಲದ ಆ ಎಕ್ಸ್‌ಟೆನ್ಶನ್ ಕೂತಿರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಆಸರೆಯಲ್ಲಿ. ಕ್ರೋಮ್ ತೆಗೆದರೆ ರಿಜಿಸ್ಟ್ರಿಗೆ ಏನೂ ಆಗುವುದಿಲ್ಲ.

ಉಣಕಲ್ಲ ಕೆರಿ ಅವರೆ, ಫಾರ್ಮ್ಯಾಟ್ ಬೇಕಿಲ್ಲ. ಆದರೆ ಒಂದೇ ತೊಂದರೆ ಎಂದು ಕಾಣುತ್ತಿರುವುದು ಮೂರು. ನೋಟಿಫಿಕೇಶನ್ ಬರುವುದು ಯಾವುದೋ ವೆಬ್‌ಸೈಟಿಗೆ ಕೊಟ್ಟ ಅನುಮತಿಯಿಂದ. ಸರ್ಚ್ ಬದಲಾಗಿದ್ದು, ಬಟನ್ ಮಾಯವಾಗಿದ್ದು ರಿಜಿಸ್ಟ್ರಿಯ ಪಾಲಿಸಿಯಿಂದ, ಅಂದರೆ ಅಲ್ಲಿ ಬರೆದಿಟ್ಟ ಕಡ್ಡಾಯ ನಿಯಮದಿಂದ. ನಿಧಾನಕ್ಕೆ ಉಳಿದ ಎಕ್ಸ್‌ಟೆನ್ಶನ್‌ಗಳು ಮತ್ತು 4 ಜಿಬಿ ರ‍್ಯಾಮ್ ಕಾರಣ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹದಿನಾಲ್ಕೂ ತೆಗೆದುಹಾಕಿದರೂ ಮೂಲೆಯ ನೋಟಿಫಿಕೇಶನ್ ಬರುತ್ತಲೇ ಇರುತ್ತದೆ.

ಮೊದಲು ನೋಟಿಫಿಕೇಶನ್ ನೋಡೋಣ, ಐದು ನಿಮಿಷದ ಕೆಲಸ. ಅದು ಮತ್ತೆ ಬಂದಾಗ ಮುಚ್ಚುವ ಮುಂಚೆ ಓದಿರಿ. ದೊಡ್ಡ ಅಕ್ಷರದಲ್ಲಿ ಯಾವುದೋ ಹೆಸರುವಾಸಿ ಆ್ಯಂಟಿವೈರಸ್ ಹೆಸರಿರುತ್ತದೆ, ಅದರ ಹತ್ತಿರ ಸಣ್ಣಗೆ "ಗೂಗಲ್ ಕ್ರೋಮ್" ಮತ್ತು ಒಂದು ವೆಬ್ ವಿಳಾಸ ಇರುತ್ತದೆ. ನಿಜವಾದ ಆ್ಯಂಟಿವೈರಸ್ ತನ್ನ ಹೆಸರಿನಲ್ಲೇ ಎಚ್ಚರಿಸುತ್ತದೆ, ಕ್ರೋಮ್ ಹೆಸರಿನಲ್ಲಿ ಬರುವುದಿಲ್ಲ. ಆ ವಿಳಾಸ ಬರೆದಿಟ್ಟುಕೊಳ್ಳಿರಿ. ಎಲ್ಲೋ ಡೌನ್‌ಲೋಡ್ ಮಾಡುವಾಗ "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿರಿ" ಎಂಬ ಪುಟದಲ್ಲಿ ಅಲೋ ಒತ್ತಿದಾಗ ಇದು ಸೇರಿಕೊಂಡಿರುತ್ತದೆ. ನಿಜವಾದ ರೋಬೋಟ್ ಪರೀಕ್ಷೆಗೆ ನೋಟಿಫಿಕೇಶನ್ ಅನುಮತಿ ಎಂದೂ ಬೇಕಾಗುವುದಿಲ್ಲ.

ಸೆಟ್ಟಿಂಗ್ಸ್ → ಪ್ರೈವಸಿ ಆ್ಯಂಡ್ ಸೆಕ್ಯುರಿಟಿ → ಸೈಟ್ ಸೆಟ್ಟಿಂಗ್ಸ್ → ನೋಟಿಫಿಕೇಶನ್ಸ್. ಕೆಳಗೆ ಅನುಮತಿ ಪಡೆದ ಸೈಟುಗಳ ಪಟ್ಟಿ ಇದೆ. ಗುರುತಿಲ್ಲದ ಪ್ರತಿಯೊಂದರ ಪಕ್ಕದ ಮೂರು ಚುಕ್ಕಿ ಒತ್ತಿ "ಬ್ಲಾಕ್" ಕೊಡಿರಿ. "ರಿಮೂವ್" ಕೊಟ್ಟರೆ ಆ ಸೈಟು ಮತ್ತೆ ಕೇಳಬಹುದು, ಯಾರಾದರೂ ಮತ್ತೆ ಅಲೋ ಒತ್ತಬಹುದು. ಅದೇ ಪುಟದ ಮೇಲ್ಭಾಗದಲ್ಲಿ ಯಾವ ಸೈಟೂ ನೋಟಿಫಿಕೇಶನ್ ಕಳಿಸಬಾರದು ಎಂಬ ಆಯ್ಕೆ ಇಟ್ಟು, ವಾಟ್ಸಾಪ್ ವೆಬ್ ಒಂದನ್ನು ಅನುಮತಿ ಪಟ್ಟಿಗೆ ಸೇರಿಸಿದರೆ ಅಂಗಡಿಗೆ ಸಾಕು.

ಪಟ್ಟಿಯಲ್ಲಿ ಯಾವುದೇ ಸೈಟು ಇಲ್ಲದೆಯೂ ನೋಟಿಫಿಕೇಶನ್ ಬಂದರೆ ಅದು ಎಕ್ಸ್‌ಟೆನ್ಶನ್ ಕಳಿಸಿದ್ದು. ಎಕ್ಸ್‌ಟೆನ್ಶನ್‌ಗಳ ನೋಟಿಫಿಕೇಶನ್ ಈ ಪಟ್ಟಿಗೆ ಬರುವುದಿಲ್ಲ, ಆಫ್ ಮಾಡಿಯೇ ನಿಲ್ಲಿಸಬೇಕು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ನೋಟಿಫಿಕೇಶನ್ ಪೂರಾ ಆಫ್ ಮಾಡಿರಿ ಎಂದು ಕೆಲವರು ಹೇಳುತ್ತಾರೆ. ಅದು ಕಣ್ಣಿಗೆ ಮರೆ ಮಾಡುತ್ತದೆ ಅಷ್ಟೆ, ಅನುಮತಿ ಹಾಗೇ ಇರುತ್ತದೆ.

ಕ್ರೋಮ್ ಮುಚ್ಚಿದರೂ ಬರುವುದಕ್ಕೆ ಕಾರಣ ಬೇರೆ. ಸೆಟ್ಟಿಂಗ್ಸ್ → ಸಿಸ್ಟಮ್ ಒಳಗೆ, ಕ್ರೋಮ್ ಮುಚ್ಚಿದ ಮೇಲೂ ಬ್ಯಾಕ್‌ಗ್ರೌಂಡ್ ಆ್ಯಪ್‌ಗಳು ಓಡಲಿ ಎಂಬ ಗುಂಡಿ ಇದೆ. ಆಫ್ ಮಾಡಿರಿ. 4 ಜಿಬಿ ಯಂತ್ರಕ್ಕೆ ಅದರಿಂದ ಇನ್ನೊಂದು ಲಾಭವೂ ಇದೆ.

ಆ ನೋಟಿಫಿಕೇಶನ್ ಒತ್ತಿ, ತೆರೆದ ಪುಟದಲ್ಲಿದ್ದ ಫೋನ್ ನಂಬರಿಗೆ ಯಾರಾದರೂ ಕರೆ ಮಾಡಿದ್ದರೆ ಅಥವಾ ಹಣ ಕೊಟ್ಟಿದ್ದರೆ ಮಾತ್ರ ವಿಷಯ ಬೇರೆ: ಮೊದಲು ಬ್ಯಾಂಕು, ಜೊತೆಗೇ 1930. ಸೈಬರ್ ವಂಚನೆಯ ಸಹಾಯವಾಣಿ ಅದು. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಸಾಧನಕೇರಿ (ಧಾರವಾಡ)

ಈಗ ಬಟನ್ ಇಲ್ಲದ ಎಕ್ಸ್‌ಟೆನ್ಶನ್. ಉದ್ದ ಆಗುತ್ತದೆ ಎಂದು ಬೇರೆ ಉತ್ತರ ಬರೆಯುತ್ತಿದ್ದೇನೆ.

ಕಾಲೇಜು, ಕಂಪನಿಗಳು ತಮ್ಮ ಕಂಪ್ಯೂಟರುಗಳಲ್ಲಿ ಕೆಲವು ಎಕ್ಸ್‌ಟೆನ್ಶನ್‌ಗಳನ್ನು ಕಡ್ಡಾಯ ಮಾಡಲು ಕ್ರೋಮ್‌ನಲ್ಲಿ ಪಾಲಿಸಿ ಎಂಬ ವ್ಯವಸ್ಥೆ ಇದೆ. ಪಾಲಿಸಿಯಿಂದ ಬಂದದ್ದನ್ನು ಬಳಸುವವರು ತೆಗೆಯಲಾಗದು. ಕೆಟ್ಟ ಸಾಫ್ಟ್‌ವೇರ್‌ಗಳು ಇದೇ ಬಾಗಿಲಿಂದ ನುಗ್ಗುತ್ತವೆ. "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದರೆ ಕನಿಷ್ಠ ಒಂದು ಪಾಲಿಸಿ ಜಾರಿಯಲ್ಲಿದೆ ಎಂದಷ್ಟೇ ಅರ್ಥ. ಕೆಲವು ಆ್ಯಂಟಿವೈರಸ್‌ಗಳೂ ಪಾಲಿಸಿ ಬರೆಯುತ್ತವೆ, ಹಾಗಾಗಿ ನೋಡದೆ ಅಳಿಸಬೇಡಿ.

ಅಡ್ರೆಸ್ ಬಾರ್‌ನಲ್ಲಿ ಕ್ರೋಮ್://ಪಾಲಿಸಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಪಟ್ಟಿಯಲ್ಲಿ "ಎಕ್ಸ್‌ಟೆನ್ಶನ್‌ಇನ್‌ಸ್ಟಾಲ್‌ಫೋರ್ಸ್‌ಲಿಸ್ಟ್" ಕಂಡರೆ ಬಲವಂತದ ಎಕ್ಸ್‌ಟೆನ್ಶನ್ ಅದರಿಂದ. "ಡೀಫಾಲ್ಟ್‌ಸರ್ಚ್‌ಪ್ರೊವೈಡರ್" ಎಂದು ಶುರುವಾಗುವವು ನಿಮ್ಮ ಸರ್ಚ್ ಬದಲಿಸಿದವು. "ನೋಟಿಫಿಕೇಶನ್ಸ್‌ಅಲೋಡ್‌ಫಾರ್‌ಯುಆರ್‌ಎಲ್ಸ್" ಇದ್ದರೆ ನಾನು ಮೇಲೆ ಹೇಳಿದ ಪಟ್ಟಿಯಲ್ಲಿ ಬ್ಲಾಕ್ ಮಾಡಲು ಬಾರದ ಸೈಟು ಯಾಕಿದೆ ಎಂದು ಗೊತ್ತಾಗುತ್ತದೆ. ಪ್ರತಿ ಸಾಲಿನಲ್ಲೂ "ಸ್ಕೋಪ್" ಎಂಬ ಕಾಲಮ್ ನೋಡಿರಿ. ಮಶೀನ್ ಎಂದಿದ್ದರೆ ರಿಜಿಸ್ಟ್ರಿಯ ಲೋಕಲ್ ಮಶೀನ್ ಭಾಗ, ಕರೆಂಟ್ ಯೂಸರ್ ಎಂದಿದ್ದರೆ ಕರೆಂಟ್ ಯೂಸರ್ ಭಾಗ. ಎಲ್ಲಿ ಹುಡುಕಬೇಕು ಎಂಬುದನ್ನು ಇದೇ ಹೇಳಿಬಿಡುತ್ತದೆ.

ಆಮೇಲೆ ಈ ಕ್ರಮದಲ್ಲೇ ಮಾಡಿರಿ, ಕ್ರಮ ತಪ್ಪಿದರೆ ಅಳಿಸಿದ್ದು ಮರಳಿ ಬರುತ್ತದೆ:

1. ಕ್ರೋಮ್ ಸಿಂಕ್‌ನಲ್ಲಿ ಏನೇನು ಸಿಂಕ್ ಆಗಬೇಕು ಎಂಬ ಪಟ್ಟಿ ತೆಗೆದು "ಎಕ್ಸ್‌ಟೆನ್ಶನ್ಸ್" ಒಂದನ್ನು ಆಫ್ ಮಾಡಿರಿ.
2. ವಿಂಡೋಸ್ ಸೆಟ್ಟಿಂಗ್ಸ್ → ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿರಿ. ತೊಂದರೆ ಶುರುವಾದ ಹೊತ್ತಿಗೆ ಬಂದ ಪಿಡಿಎಫ್, ಡ್ರೈವರ್ ಅಪ್‌ಡೇಟರ್, ಪಿಸಿ ಕ್ಲೀನರ್ ಜಾತಿಯವನ್ನು ಅನ್‌ಇನ್‌ಸ್ಟಾಲ್ ಮಾಡಿರಿ. ಎಕ್ಸ್‌ಟೆನ್ಶನ್ ತಂದು ಕೂರಿಸಿದ್ದು ಬಹುತೇಕ ಇವುಗಳಲ್ಲೊಂದು.
3. ಕ್ರೋಮ್ ಪೂರ್ತಿ ಮುಚ್ಚಿರಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ ರೆಜ್‌ಎಡಿಟ್ ತೆಗೆಯಿರಿ, ರಿಜಿಸ್ಟ್ರಿ ತೆರೆಯುವುದು ಅದರಲ್ಲೇ. ಸ್ಕೋಪ್ ತೋರಿಸಿದ ಭಾಗದೊಳಗೆ ಸಾಫ್ಟ್‌ವೇರ್ → ಪಾಲಿಸೀಸ್ → ಗೂಗಲ್ → ಕ್ರೋಮ್ ವರೆಗೆ ಹೋಗಿರಿ. "ಕ್ರೋಮ್" ಮೇಲೆ ರೈಟ್ ಕ್ಲಿಕ್ → ಎಕ್ಸ್‌ಪೋರ್ಟ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಒಂದು ಪ್ರತಿ ಉಳಿಸಿರಿ. ಇದನ್ನು ಬಿಡಬೇಡಿ.
4. ಫೋರ್ಸ್‌ಲಿಸ್ಟ್ ಒಳಗೆ 1, 2 ಎಂಬ ಹೆಸರಿನ ಸಾಲುಗಳಿರುತ್ತವೆ. ಪ್ರತಿಯೊಂದರಲ್ಲೂ 32 ಅಕ್ಷರದ ಐಡಿ, ಸೆಮಿಕೋಲನ್, ಒಂದು ವಿಳಾಸ. ಎಕ್ಸ್‌ಟೆನ್ಶನ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಪ್ರತಿ ಎಕ್ಸ್‌ಟೆನ್ಶನ್‌ನ ಐಡಿ ಕಾಣುತ್ತದೆ. ಹೊಂದಿಸಿ ನೋಡಿ, ಆ ಪಿಡಿಎಫ್‌ನದ್ದೇ ಆದರೆ ಆ ಸಾಲು ಅಳಿಸಿರಿ. ಸರ್ಚ್‌ಪ್ರೊವೈಡರ್ ಸಾಲುಗಳನ್ನೂ ಅಳಿಸಿರಿ.
5. ಕ್ರೋಮ್ ತೆರೆದು ಪಾಲಿಸಿ ಪುಟದಲ್ಲಿ "ರೀಲೋಡ್ ಪಾಲಿಸೀಸ್" ಒತ್ತಿರಿ. ಪಾಲಿಸಿ ಹೋದ ಮೇಲೆ ಬಲವಂತದ ಎಕ್ಸ್‌ಟೆನ್ಶನ್ ತಾನಾಗಿ ಬಿದ್ದುಹೋಗುತ್ತದೆ, ರಿಮೂವ್ ಒತ್ತುವ ಕೆಲಸವೂ ಇರುವುದಿಲ್ಲ.

ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್ ಮೇಲೂ ಒಮ್ಮೆ ರೈಟ್ ಕ್ಲಿಕ್ → ಪ್ರಾಪರ್ಟೀಸ್ ನೋಡಿರಿ. "ಟಾರ್ಗೆಟ್" ಸಾಲಿನ ಕೊನೆಯಲ್ಲಿ ಯಾವುದಾದರೂ ವೆಬ್ ವಿಳಾಸ ಅಂಟಿದ್ದರೆ ಅಳಿಸಿರಿ.

ಬ್ಯಾಡಗಿ ಕೆಂಪ (ಹಾವೇರಿ)

ಸಾಧನಕೇರಿ ಸರ್ ಎರಡು ತ್ರಾಸ ಬಿಡಿಸ್ಯಾರ, ಸ್ಲೋ ಆಗೋದರ ಬಗ್ಗೆ ನಾನು ಬರೀತೇನಿ.

ಕ್ರೋಮ್‌ಗೆ ತಂದ ಒಂದು ಟಾಸ್ಕ್ ಮ್ಯಾನೇಜರ್ ಐತಿ, ವಿಂಡೋಸ್‌ದಲ್ಲ. ಕ್ರೋಮ್‌ದಾಗ ಇದ್ದಾಗ ಶಿಫ್ಟ್ ಜೋಡಿ ಎಸ್ಕೇಪ್ ಒತ್ರಿ. ಮೆಮೊರಿ ಕಾಲಮಿನ ಹೆಸರ ಮ್ಯಾಲೆ ಒತ್ತಿದ್ರ ಹೆಚ್ಚು ತಿನ್ನೋದು ಮ್ಯಾಲೆ ಬರ್ತೈತಿ. ಎಕ್ಸ್‌ಟೆನ್ಶನ್‌ಗೋಳು "ಎಕ್ಸ್‌ಟೆನ್ಶನ್" ಅಂತ ಮುಂದ ಹೆಸರು ಹಚ್ಕೊಂಡು ಕಾಣ್ತಾವ. ಏನೂ ಕೆಲಸ ಇಲ್ದಾಗ್ಲೂ ಸಿಪಿಯು ಕಾಲಮಿನ್ಯಾಗ ಅಂಕಿ ಕುಣೀತಿದ್ರ ಆ ಎಕ್ಸ್‌ಟೆನ್ಶನ್ ಮ್ಯಾಲೆ ಸಂಶಯ ಇಟ್ಕೋರಿ.

ಆದ್ರ ಇಲ್ಲೊಂದು ಮೋಸ ಐತಿ, ಭಾಳ ಮಂದಿಗೆ ಗೊತ್ತಿಲ್ಲ. ಎಕ್ಸ್‌ಟೆನ್ಶನ್ ಎರಡು ಜಾಗಾದಾಗ ಓಡ್ತೈತಿ. ಒಂದು ಹಿಂದಿನ ಬ್ಯಾಕ್‌ಗ್ರೌಂಡ್ ಭಾಗ, ಇದು ಟಾಸ್ಕ್ ಮ್ಯಾನೇಜರ್‌ದಾಗ ಕಾಣ್ತೈತಿ. ಎಕ್ಸ್‌ಟೆನ್ಶನ್‌ಗೋಳಿಗೆ ಕ್ರೋಮ್ ಹಾಕಿದ ಈಗಿನ ಮ್ಯಾನಿಫೆಸ್ಟ್ ವಿ3 ನಿಯಮದಾಗ ಈ ಭಾಗ ಸುಮಾರು 30 ಸೆಕೆಂಡ್ ಕೆಲಸ ಇಲ್ಲಂದ್ರ ಮಲಗಿಬಿಡ್ತೈತಿ. ಇನ್ನೊಂದು, ನೀವು ತಗದ ಪ್ರತಿ ಪುಟದ ಒಳಗ ಸೇರಿಸೋ ಸ್ಕ್ರಿಪ್ಟ್. ಅದರ ಖರ್ಚು ಎಕ್ಸ್‌ಟೆನ್ಶನ್ ಸಾಲಿಗೆ ಬೀಳಂಗಿಲ್ಲ, ಆ ಟ್ಯಾಬಿನ ಲೆಕ್ಕಕ್ಕ ಬೀಳ್ತೈತಿ. ಹಿಂಗಾಗಿ ಕೂಪನ್ ಎಕ್ಸ್‌ಟೆನ್ಶನ್ ಪಟ್ಟಿದಾಗ ಸಾಧು ಕಾಣ್ತೈತಿ, ಸ್ಕಾಲರ್‌ಶಿಪ್ ಅರ್ಜಿದ ಟ್ಯಾಬ್ ಮಾತ್ರ ಉಬ್ಬಿರ್ತೈತಿ. ನೀವು ಸರ್ಕಾರಿ ಸೈಟಿಗೆ ಬೈತೀರಿ, ತಪ್ಪು ಕೂಪನ್ನಿಂದು. ಅರ್ಜಿ ತುಂಬೋ ಪುಟದಾಗ ಇದು ಇನ್ನೂ ಜೋರು. ನೀವು ಒಂದೊಂದು ಅಕ್ಷರ ಹೊಡದಾಗೂ ಪುಟ ಬದಲಾತು ಅಂತ ತಿಳಕೊಂಡು ಟೈಪಿಂಗ್, ಕೂಪನ್, ವ್ಯಾಕರಣ ತಿದ್ದೋ ಎಕ್ಸ್‌ಟೆನ್ಶನ್‌ಗೋಳು ಎದ್ದು ಕೂಡ್ತಾವ. ನಿಮ್ಮ ಅಕ್ಷರ ತಡಾ ಮೂಡೋದು ಇದರಿಂದ ಇರಬೇಕು.

ಪರೀಕ್ಷಾ ಹಿಂಗ ಮಾಡ್ರಿ. ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೋ ಕಿಟಕಿ ತಗೀರಿ. ನೀವಾಗಿ ಅನುಮತಿ ಕೊಟ್ಟಿರದಿದ್ರ ಅಲ್ಲಿ ಎಕ್ಸ್‌ಟೆನ್ಶನ್ ನಡಿಯಂಗಿಲ್ಲ. ಅದ ಅರ್ಜಿ ಪುಟ ಅಲ್ಲಿ ಚುರುಕಾಗಿ ನಡದ್ರ ತಪ್ಪು ಎಕ್ಸ್‌ಟೆನ್ಶನ್‌ದು. ಅಲ್ಲೂ ಹಂಗ ನಿಧಾನ ಇದ್ರ ತಪ್ಪು ಸೈಟಿಂದು, ಇಲ್ಲಾ ನೆಟ್‌ದು, ಇಲ್ಲಾ ಯಂತ್ರದ್ದು. ಎಕ್ಸ್‌ಟೆನ್ಶನ್ ಗೊಡವಿಗೆ ಹೋಗಬ್ಯಾಡ್ರಿ.

ಯಾವ್ದು ಅಂತ ಹಿಡಿಯಾಕ ಒಂದೊಂದ ಆಫ್ ಮಾಡ್ಕೋತ ಕುಂದ್ರಬ್ಯಾಡ್ರಿ. 14ರಾಗ 7 ಆಫ್ ಮಾಡ್ರಿ. ಚುರುಕಾತು ಅಂದ್ರ ಕಳ್ಳ ಆ 7ರಾಗ ಅದಾನ. ಇಲ್ಲಂದ್ರ ಉಳದ 7ರಾಗ. ಮತ್ತ ಅದರಾಗ ಅರ್ಧ. ನಾಕು ಸುತ್ತಿನ್ಯಾಗ ಸಿಗ್ತಾನ. ಯಾವ ಅರ್ಧ ಆಫ್ ಮಾಡಿದ್ರೂ ನಿಧಾನನ ಇತ್ತಂದ್ರ ಕಳ್ಳರು ಇಬ್ಬರು ಅದಾರ. ಎರಡು ಆ್ಯಡ್ ಬ್ಲಾಕರ್ ಇದ್ದಲ್ಲಿ ಹಿಂಗ ಆಗ್ತೈತಿ, ಒಂದ ಪುಟ ಎರಡೂ ಸೋಸ್ತಾವ, ಒಂದು ತಗದಿದ್ದನ್ನ ಇನ್ನೊಂದು ಹುಡುಕ್ತೈತಿ. ಒಂದ ಇಟ್ಕೋರಿ. ಕ್ರೋಮ್‌ದಾಗ ಹಳೇ ಯುಬ್ಲಾಕ್ ಒರಿಜಿನ್ ಅನ್ನೋ ಆ್ಯಡ್ ಬ್ಲಾಕರ್ ಈಗ ನಡಿಯಂಗಿಲ್ಲ, ಅದನ್ನ ಮಾಡಿದ ರೇಮಂಡ್ ಹಿಲ್ ಅವರದ ಯುಬ್ಲಾಕ್ ಒರಿಜಿನ್ ಲೈಟ್ ಹಾಕ್ರಿ. ಹೋಲೋ ಹೆಸರಿನ ನಕಲಿ ಬಂದಾವ, ಮಾಡಿದವರ ಹೆಸರು ನೋಡಿ ಹಾಕ್ರಿ. ಪೂರಾ ಯುಬ್ಲಾಕ್ ಒರಿಜಿನ್ ಬೇಕಂದ್ರ ಫೈರ್‌ಫಾಕ್ಸ್‌ದಾಗ ಐತಿ.

ನಿಮ್ಮ 14ರಾಗ ಭಾಳಷ್ಟು ಬೇಕಾಗೇ ಇಲ್ಲ. ಪಿಡಿಎಫ್ ಮಾಡಾಕ ಕಂಟ್ರೋಲ್ ಪಿ ಒತ್ತಿ ಪ್ರಿಂಟರ್ ಜಾಗಾದಾಗ "ಸೇವ್ ಆ್ಯಸ್ ಪಿಡಿಎಫ್" ಆರಿಸಿದ್ರ ಮುಗೀತು. ಪಿಡಿಎಫ್ ಜೋಡಿಸಾಕ ಪಿಡಿಎಫ್‌ಸ್ಯಾಮ್ ಬೇಸಿಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಐತಿ, ಇನ್‌ಸ್ಟಾಲ್ ಮಾಡುವಾಗ ಬ್ಯಾರೆ ಏನರ ಜೋಡಿ ಹಾಕ್ಲೇನು ಅಂತ ಕೇಳಿದ್ರ ಟಿಕ್ ತಗೀರಿ. ಗಿರಾಕಿಯ ಆಧಾರ್ ಪಿಡಿಎಫ್ ಯಾವ್ದೋ ದೇಶದ ಸರ್ವರಿಗೆ ಹೋಗಂಗಿಲ್ಲ, ಅದ ದೊಡ್ಡ ಲಾಭ. ಫೋಟೋ 50 ಕೆಬಿ ಒಳಗ ತರಾಕ ಪೇಂಟ್ ಸಾಕು: ರೀಸೈಜ್‌ದಾಗ ಪಿಕ್ಸೆಲ್ ಆರಿಸಿ ಅಗಲ 200ರ ಆಸುಪಾಸು ಇಟ್ಟು ಜೆಪೆಗ್ ಉಳಸ್ರಿ. ಅರ್ಜಿ ಕೇಳೋ ಅಳತಿ ನೋಡ್ಕೊಂಡು ಹೆಚ್ಚುಕಡಿಮಿ ಮಾಡ್ರಿ. ಸ್ಕ್ರೀನ್‌ಶಾಟಿಗೆ ವಿಂಡೋಸ್, ಶಿಫ್ಟ್, ಎಸ್. ಕನ್ನಡ ಟೈಪಿಂಗ್‌ಗೆ ವಿಂಡೋಸ್ 10ರ 1903 ಆವೃತ್ತಿಯಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗ ಐತಿ. ಸೆಟ್ಟಿಂಗ್ಸ್ → ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ದಾಗ ಕನ್ನಡ ಸೇರಿಸಿ, ಅದರ ಆಪ್ಶನ್ಸ್‌ದಾಗ ಕೀಬೋರ್ಡ್ ಹಾಕ್ರಿ, ವಿಂಡೋಸ್ ಜೋಡಿ ಸ್ಪೇಸ್ ಒತ್ತಿ ಬದಲಿಸ್ರಿ. ನುಡಿ ಸಾಫ್ಟ್‌ವೇರ್ ರೂಢಿ ಇದ್ರ ನುಡಿನ ಇರ್ಲಿ. ಬ್ರೌಸರ್ ಒಳಗಿನ ಟೈಪಿಂಗ್ ಎಕ್ಸ್‌ಟೆನ್ಶನ್‌ಗೆ "ಎಲ್ಲಾ ಸೈಟಿನ ಎಲ್ಲಾ ಡೇಟಾ ಓದು, ಬದಲಿಸು" ಅನ್ನೋ ಅನುಮತಿ ಬೇಕಾಗ್ತೈತಿ, ಅಂದ್ರ ನೀವು ಹೊಡದ ಪಾಸ್‌ವರ್ಡ್ ಸುದ್ದಾ ಅದರ ಕೈಗೆ ಸಿಗ್ತೈತಿ.

ಉಳಿಸ್ಕೊಂಡವಕ್ಕ ಲಗಾಮು ಹಾಕ್ರಿ: ಎಕ್ಸ್‌ಟೆನ್ಶನ್ → ಡೀಟೇಲ್ಸ್ → ಸೈಟ್ ಆ್ಯಕ್ಸೆಸ್‌ದಾಗ "ಆನ್ ಆಲ್ ಸೈಟ್ಸ್" ಬದ್ಲಿ "ಆನ್ ಕ್ಲಿಕ್". ಆಗ ನೀವು ಚಿತ್ರ ಒತ್ತಿದಾಗ ಮಾತ್ರ ಅದು ಪುಟದಾಗ ಕಾಲಿಡ್ತೈತಿ. ಆ್ಯಡ್ ಬ್ಲಾಕರಿಗೆ ಇದನ್ನ ಮಾಡಬ್ಯಾಡ್ರಿ, ಮಾಡಿದ್ರ ಅದು ಇದ್ದೂ ಇಲ್ದಂಗ.

ಮುಟ್ಟಬಾರದ್ದು ಎರಡು. ಡಿಎಸ್‌ಸಿ ಸಹಿ ಹಾಕೋ ಎಕ್ಸ್‌ಟೆನ್ಶನ್ ಇದ್ರ ಅದು ಮತ್ತ ಅದರ ಜೋಡಿ ವಿಂಡೋಸ್‌ದಾಗ ಓಡೋ ಸೈನರ್ ಪ್ರೋಗ್ರಾಮ್, ಟೋಕನ್ ಡ್ರೈವರ್. ಬೆರಳಚ್ಚಿನ ಮಶೀನಿಗೆ ಎಕ್ಸ್‌ಟೆನ್ಶನ್ ಇರಂಗಿಲ್ಲ, "ಆರ್‌ಡಿ ಸರ್ವಿಸ್" ಅನ್ನೋ ಪ್ರೋಗ್ರಾಮ್ ಇರ್ತೈತಿ. ಆ್ಯಪ್ಸ್ ಪಟ್ಟಿ ಸ್ವಚ್ಛ ಮಾಡೋ ಭರದಾಗ ಗುರುತಿಲ್ಲದ ಹೆಸರು ಅಂತ ಅದನ್ನ ತಗದೀರಿ ಮತ್ತ.

ಯಂತ್ರದ ಮಾತು. ವಿಂಡೋಸ್‌ದ ಟಾಸ್ಕ್ ಮ್ಯಾನೇಜರ್‌ದಾಗ ಡಿಸ್ಕ್ ಸದಾ 100% ತೋರಿಸಿದ್ರ, ರ‍್ಯಾಮ್ ತುಂಬಿ ವಿಂಡೋಸ್ ಹಾರ್ಡ್ ಡಿಸ್ಕನ್ನ ರ‍್ಯಾಮ್‌ನಂಗ ಬಳಸಾಕತ್ತೈತಿ ಅಂತ ತಿಳೀರಿ. ಕ್ರೋಮ್ ಸೆಟ್ಟಿಂಗ್ಸ್ → ಪರ್ಫಾರ್ಮೆನ್ಸ್‌ದಾಗ ಮೆಮೊರಿ ಸೇವರ್ ಹಚ್ರಿ, ಆದ್ರ ಅರ್ಜಿ ತುಂಬೋ ಸೈಟುಗಳನ್ನ "ಯಾವಾಗ್ಲೂ ಸಕ್ರಿಯ ಇಡು" ಪಟ್ಟಿಗೆ ಸೇರಸ್ರಿ, ಇಲ್ಲಂದ್ರ ಬ್ಯಾರೆ ಟ್ಯಾಬಿಗೆ ಹೋಗಿ ಬರೋದ್ರಾಗ ಅರ್ಧ ತುಂಬಿದ ಫಾರ್ಮ್ ಖಾಲಿ ಆಗಬಹುದು. ಕೊನೀಗೆ ಕೊಪ್ಪೀಕರ ರೋಡಿಗೆ ಹೋಗಿ 256 ಜಿಬಿ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕಸ್ರಿ. ರ‍್ಯಾಮ್ ಡಿಡಿಆರ್3 ಐತೋ ಡಿಡಿಆರ್4 ಐತೋ ನೋಡ್ಕೊಂಡು ಹೋಗ್ರಿ, ಒಂದರ ಜಾಗಾಕ್ಕ ಒಂದು ಕುಂದ್ರಂಗಿಲ್ಲ. ಎರಡರಾಗ ಒಂದಕ್ಕ ಮಾತ್ರ ರೊಕ್ಕ ಐತಿ ಅಂದ್ರ ಎಸ್‌ಎಸ್‌ಡಿ ಮೊದಲು.

ಉಣಕಲ್ಲ ಕೆರಿ (ಹುಬ್ಬಳ್ಳಿ)

ಭಾಳ ಉಪಕಾರ ಆತ್ರಿ ಇಬ್ಬರಿಗೂ. ನೋಟಿಫಿಕೇಶನ್ ನಿಂತ್ವು. ಇನ್‌ಕಾಗ್ನಿಟೋದಾಗ ಅರ್ಜಿ ಪುಟ ಚುರುಕು ಐತಿ, ಕೂಪನ್ ಮತ್ತ ಟೈಪಿಂಗ್ ಎಕ್ಸ್‌ಟೆನ್ಶನ್ ತಗದ ಮ್ಯಾಲೆ ಅಕ್ಷರ ತಡಾ ಆಗೋದು ಹೋತು. ಪಾಲಿಸಿ ಪುಟದಾಗ ಫೋರ್ಸ್‌ಲಿಸ್ಟ್, ಸರ್ಚ್‌ಪ್ರೊವೈಡರ್ ಎರಡೂ ಇದ್ವು, ಸ್ಕೋಪ್ ಮಶೀನ್. ಅಳಿಸಿದ ಮ್ಯಾಲೆ ಪಿಡಿಎಫ್ ಎಕ್ಸ್‌ಟೆನ್ಶನ್ ಹೋತು. ಆದ್ರ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ರ ಮತ್ತ ಬಂದು ಕುಂತೈತಿ. ಆ್ಯಪ್ಸ್ ಪಟ್ಟಿದಾಗ ಅನುಮಾನದ್ದು ಏನೂ ಉಳದಿಲ್ಲ.

ಸಾಧನಕೇರಿ (ಧಾರವಾಡ)

ಹಾಗಿದ್ದರೆ ಯಾರೋ ಮತ್ತೆ ಬರೆಯುತ್ತಿದ್ದಾರೆ. ಎರಡು ಜಾಗ ನೋಡಬೇಕು.

ಒಂದು, ಟಾಸ್ಕ್ ಶೆಡ್ಯೂಲರ್. ಸ್ಟಾರ್ಟ್‌ನಲ್ಲಿ ಹುಡುಕಿ ತೆಗೆದು ಎಡಗಡೆ "ಟಾಸ್ಕ್ ಶೆಡ್ಯೂಲರ್ ಲೈಬ್ರರಿ" ಒತ್ತಿರಿ. ಪ್ರತಿ ಟಾಸ್ಕ್‌ನ "ಆ್ಯಕ್ಷನ್ಸ್" ಟ್ಯಾಬ್ ನೋಡಿರಿ. ಪವರ್‌ಶೆಲ್ ಅಥವಾ ಡಬ್ಲ್ಯುಸ್ಕ್ರಿಪ್ಟ್ ಓಡಿಸುವುದು, ಇಲ್ಲವೆ ಆ್ಯಪ್‌ಡೇಟಾ ಫೋಲ್ಡರಿನೊಳಗಿನ ಅರ್ಥವಿಲ್ಲದ ಹೆಸರಿನ ಫೈಲ್ ಓಡಿಸುವುದು ಕಂಡರೆ ಅನುಮಾನಿಸಿರಿ. ಗೂಗಲ್ ಅಪ್‌ಡೇಟ್, ಎಡ್ಜ್ ಅಪ್‌ಡೇಟ್, ಒನ್‌ಡ್ರೈವ್, ಪ್ರಿಂಟರ್ ಕಂಪನಿಯವು ಸಹಜ. ಅನುಮಾನದ್ದನ್ನು ಮೊದಲು ಡಿಸೇಬಲ್ ಮಾಡಿರಿ, ಡಿಲೀಟ್ ಬೇಡ. ಎರಡು ದಿನ ಎಲ್ಲ ಕೆಲಸ ಸರಿಯಾಗಿ ನಡೆದರೆ ಅಳಿಸಿರಿ.

ಎರಡು, ಲೋಕಲ್ ಗ್ರೂಪ್ ಪಾಲಿಸಿ ಫೈಲ್. ಸಿ ಡ್ರೈವ್ → ವಿಂಡೋಸ್ → ಸಿಸ್ಟಮ್32 ಒಳಗೆ "ಗ್ರೂಪ್‌ಪಾಲಿಸಿ" ಎಂಬ ಮರೆಮಾಡಿದ ಫೋಲ್ಡರ್ ಇರುತ್ತದೆ, ವ್ಯೂ ಮೆನುವಿನಲ್ಲಿ "ಹಿಡನ್ ಐಟಮ್ಸ್" ಟಿಕ್ ಮಾಡಿದರೆ ಕಾಣುತ್ತದೆ. ಅದರೊಳಗೆ "ಮಶೀನ್" ಫೋಲ್ಡರಿನಲ್ಲಿ ರಿಜಿಸ್ಟ್ರಿ.ಪಾಲ್ ಎಂಬ ಫೈಲ್ ಇದ್ದರೆ, ವಿಂಡೋಸ್ ಅದನ್ನು ಓದಿ ರಿಜಿಸ್ಟ್ರಿಗೆ ಪಾಲಿಸಿಗಳನ್ನು ಮತ್ತೆ ಬರೆಯುತ್ತದೆ. ನೀವು ರಿಜಿಸ್ಟ್ರಿಯಲ್ಲಿ ಅಳಿಸಿದ್ದು ನೆರಳು, ಮೂಲ ಇಲ್ಲಿದೆ. "ಗ್ರೂಪ್‌ಪಾಲಿಸಿ" ಫೋಲ್ಡರಿನ ಹೆಸರು ಬದಲಿಸಿ, ಕೊನೆಗೆ ಹಳೆಯದು ಎಂದು ಗುರುತು ಸೇರಿಸಿರಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಜಿಪಿಅಪ್‌ಡೇಟ್, ಒಂದು ಸ್ಪೇಸ್, ಓರೆಗೆರೆ, ಫೋರ್ಸ್ ಎಂದು ಕೊಡಿರಿ. ರಿಜಿಸ್ಟ್ರಿಯಲ್ಲಿ ಮತ್ತೊಮ್ಮೆ ಅಳಿಸಿ ರೀಸ್ಟಾರ್ಟ್ ಮಾಡಿರಿ. ಸ್ವಂತ ಅಂಗಡಿಯ ಯಂತ್ರಕ್ಕೆ ಮಾತ್ರ ಈ ಉಪಾಯ. ಬ್ಯಾಂಕು ಅಥವಾ ಕಚೇರಿ ಕೊಟ್ಟ ಯಂತ್ರದಲ್ಲಿ ಅವರ ಪಾಲಿಸಿಗಳೂ ಅಲ್ಲೇ ಇರುತ್ತವೆ.

ಇಷ್ಟಾದ ಮೇಲೆ ಸ್ಕ್ಯಾನ್. ಅದಕ್ಕಿಂತ ಮುಂಚೆ ವಿಂಡೋಸ್ ಸೆಕ್ಯುರಿಟಿ → ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ → ಮ್ಯಾನೇಜ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ "ಎಕ್ಸ್‌ಕ್ಲೂಶನ್ಸ್" ನೋಡಿರಿ. ಇಂಥ ಸಾಫ್ಟ್‌ವೇರ್ ತಾನಿರುವ ಫೋಲ್ಡರನ್ನು ಸ್ಕ್ಯಾನ್ ಮಾಡಬೇಡ ಎಂದು ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರಿಗೆ ಹೇಳಿಟ್ಟಿರುತ್ತದೆ, ನೀವು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ. ನೀವು ಸೇರಿಸದ್ದನ್ನೆಲ್ಲ ತೆಗೆದು, ಒಂದು ಫುಲ್ ಸ್ಕ್ಯಾನ್, ಆಮೇಲೆ ಒಂದು ಆಫ್‌ಲೈನ್ ಸ್ಕ್ಯಾನ್ ಮಾಡಿಸಿರಿ. ಆಫ್‌ಲೈನ್ ಸ್ಕ್ಯಾನ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮುಂಚೆಯೇ ಓಡುತ್ತದೆ, ಕೆಲಸ ಸೇವ್ ಮಾಡಿ ಶುರು ಮಾಡಿರಿ. ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯುಕ್ಲೀನರ್ ಪುಕ್ಕಟೆ, ಇಂಥ ಬ್ರೌಸರ್ ಕಸಕ್ಕೇ ಮಾಡಿದ್ದು. ಕ್ರೋಮ್‌ನಲ್ಲೇ ಕ್ಲೀನಪ್ ಇದೆಯಲ್ಲ ಎಂದು ಹಳೆಯ ವಿಡಿಯೋಗಳು ಹೇಳುತ್ತವೆ, ಅದನ್ನು ಗೂಗಲ್ 2023ರಲ್ಲೇ ತೆಗೆದುಹಾಕಿದೆ.

ಪಾಸ್‌ವರ್ಡ್ ಬದಲಿಸುವುದು ಯಂತ್ರ ಸ್ವಚ್ಛವಾದ ಮೇಲೆ, ಮುಂಚೆ ಅಲ್ಲ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಗುರುತಿಲ್ಲದ ಡಿವೈಸ್‌ಗಳಿಂದ ಸೈನ್‌ಔಟ್ ಮಾಡಿರಿ. ಕೆಟ್ಟ ಎಕ್ಸ್‌ಟೆನ್ಶನ್ ಪಾಸ್‌ವರ್ಡ್ ಮುಟ್ಟದೆ ಲಾಗಿನ್ ಆಗಿದ್ದೀರಿ ಎಂಬ ಗುರುತನ್ನು ಬ್ರೌಸರ್ ಇಟ್ಟುಕೊಳ್ಳುವ ಕುಕೀಯನ್ನೇ ಒಯ್ದಿರಬಹುದು, ಆಗ ಪಾಸ್‌ವರ್ಡ್ ಬದಲಿಸಿದ್ದಷ್ಟೇ ಸಾಲದು.

ಬೆಟಗೇರಿ ಮಗ್ಗ (ಗದಗ)

ಸರ, ಒಂದು ಕೇಳ್ತೇನಿ. ವೆಬ್‌ಸ್ಟೋರ್‌ನಿಂದ ಹಾಕಿದ್ದು, ಲಕ್ಷಗಟ್ಲೆ ಮಂದಿ ಬಳಸೋದು, ಐದು ಚುಕ್ಕಿ ರೇಟಿಂಗ್. ಅದೂ ಕೆಡ್ತೈತೇನು? ಮತ್ತ ಮೊಬೈಲಿನ್ಯಾಗೂ ಹಿಂತಾವ ನೋಟಿಫಿಕೇಶನ್ ಬರ್ತಾವಲ್ಲ?

ಬ್ಯಾಡಗಿ ಕೆಂಪ (ಹಾವೇರಿ)

ಕೆಡ್ತೈತ್ರಿ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, ಬಳಸದ ಟ್ಯಾಬ್ ಮಲಗಿಸಿ ರ‍್ಯಾಮ್ ಉಳಸೋದು, ಮಂದಿ ಮೆಚ್ಚಿದ್ದು. 2020ರಾಗ ಅದನ್ನ ಮಾಡಿದವರು ಬ್ಯಾರೆಯವರಿಗೆ ಕೊಟ್ರು, 2021ರ ಫೆಬ್ರುವರಿಯಾಗ ಮಾಲ್‌ವೇರ್ ಐತಿ ಅಂತ ಗೂಗಲ್ ಅದನ್ನ ಸ್ಟೋರ್‌ನಿಂದ ತಗೀತು. ಎಕ್ಸ್‌ಟೆನ್ಶನ್ ತಾನಾಗಿ ಅಪ್‌ಡೇಟ್ ಆಗ್ತೈತಿ, ಮಾಲಕ ಬದಲಾದ್ರ ನಿಮಗ ಯಾರೂ ಹೇಳಂಗಿಲ್ಲ, ಹಳೇ ರೇಟಿಂಗ್ ಹಂಗ ಉಳೀತೈತಿ. ಅದಕ್ಕ ಒಂದಿನದ ಕೆಲಸಕ್ಕ ಹಾಕಿದ್ದನ್ನ ಅವತ್ತ ತಗೀರಿ. ಆಫ್ ಮಾಡಿ ಇಟ್ರೂ ಆತು ಅಂತೀರಿ, ಯಾರೋ ಒಂದಿನ ಆನ್ ಮಾಡ್ತಾರ.

ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ದಾಗ ಎಕ್ಸ್‌ಟೆನ್ಶನ್ನ ಇಲ್ಲ, ಬರೋದು ಬರೇ ಸೈಟಿನ ನೋಟಿಫಿಕೇಶನ್. ಬಂದದ್ದರ ಮ್ಯಾಲೆ ಬೆರಳು ಒತ್ತಿ ಹಿಡದು ಅದರ ಸೆಟ್ಟಿಂಗ್ಸಿಗೆ ಹೋಗಿ ಆ ಸೈಟ್ ಆಫ್ ಮಾಡ್ರಿ. ಕ್ರೋಮ್ ಅಲ್ದ ಬ್ಯಾರೆ ಆ್ಯಪ್ ಹೆಸರು ಕಂಡ್ರ ಆ ಆ್ಯಪ್‌ನ ತಗೀಬೇಕು.

ಉಣಕಲ್ಲ ಕೆರಿ (ಹುಬ್ಬಳ್ಳಿ)

ರಿಜಿಸ್ಟ್ರಿ.ಪಾಲ್ ಇತ್ತು ನೋಡ್ರಿ. ಫೋಲ್ಡರ್ ಹೆಸರು ಬದಲಿಸಿದ ಮ್ಯಾಲೆ ರೀಸ್ಟಾರ್ಟ್ ಮಾಡಿದ್ರೂ ಪಿಡಿಎಫ್ ಬಂದಿಲ್ಲ, ಸರ್ಚ್ ಗೂಗಲ್‌ಗೆ ಬಂತು. ಡಿಎಸ್‌ಸಿ, ಬೆರಳಚ್ಚು ಎರಡೂ ಸರಿ ಅದಾವ. ಇನ್ನ ಕೆಲಸದ ಹುಡುಗರು, ಗಿರಾಕಿಗಳು ಮತ್ತ ಏನೇನರ ಹಾಕ್ದಂಗ ಬಂದ್ ಮಾಡಾಕ ಬರ್ತೈತೇನ್ರಿ?

ಸಾಧನಕೇರಿ (ಧಾರವಾಡ)

ಬರುತ್ತದೆ. ಕಳ್ಳ ಬಂದ ಬಾಗಿಲಿಗೇ ಬೀಗ. ರಿಜಿಸ್ಟ್ರಿಯಲ್ಲಿ ಅದೇ ಪಾಲಿಸೀಸ್ → ಗೂಗಲ್ → ಕ್ರೋಮ್ ಕೆಳಗೆ, ಲೋಕಲ್ ಮಶೀನ್ ಭಾಗದಲ್ಲಿ ಮಾಡಬೇಕು. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೊಡೆಯಿರಿ.

ಮೊದಲು "ಎಕ್ಸ್‌ಟೆನ್ಶನ್‌ಇನ್‌ಸ್ಟಾಲ್‌ಅಲೋಲಿಸ್ಟ್" ಎಂಬ ಹೊಸ ಕೀ. ಅದರೊಳಗೆ 1, 2 ಎಂದು ಸ್ಟ್ರಿಂಗ್ ವ್ಯಾಲ್ಯೂ ಮಾಡಿ, ಡಿಎಸ್‌ಸಿ ಎಕ್ಸ್‌ಟೆನ್ಶನ್ ಮತ್ತು ಆ್ಯಡ್ ಬ್ಲಾಕರ್‌ನ 32 ಅಕ್ಷರದ ಐಡಿ ಹಾಕಿರಿ. ಆಮೇಲೆ "ಎಕ್ಸ್‌ಟೆನ್ಶನ್‌ಇನ್‌ಸ್ಟಾಲ್‌ಬ್ಲಾಕ್‌ಲಿಸ್ಟ್" ಎಂಬ ಕೀ, ಒಳಗೆ 1 ಎಂಬ ಸ್ಟ್ರಿಂಗ್, ಅದರ ಬೆಲೆ ಒಂದು ನಕ್ಷತ್ರ ಚಿಹ್ನೆ. ಅಂದರೆ ಪಟ್ಟಿಯಲ್ಲಿಲ್ಲದ ಎಲ್ಲವೂ ನಿಷೇಧ. ಈ ಕ್ರಮ ತಿರುವುಮುರುವು ಮಾಡಬೇಡಿ: ಬ್ಲಾಕ್‌ಲಿಸ್ಟ್ ಹೊಸದನ್ನು ತಡೆಯುವುದಷ್ಟೇ ಅಲ್ಲ, ಈಗಾಗಲೇ ಇರುವುದನ್ನೂ ಆಫ್ ಮಾಡುತ್ತದೆ. ಅಲೋಲಿಸ್ಟ್ ಇಲ್ಲದಿದ್ದರೆ ಡಿಎಸ್‌ಸಿಯೂ ಆಫ್ ಆಗುತ್ತದೆ.

ನೋಟಿಫಿಕೇಶನಿಗೆ, ಕ್ರೋಮ್ ಕೀ ಒಳಗೇ "ಡೀಫಾಲ್ಟ್‌ನೋಟಿಫಿಕೇಶನ್ಸ್‌ಸೆಟ್ಟಿಂಗ್" ಎಂಬ 32 ಬಿಟ್ ಡಿವರ್ಡ್, ಬೆಲೆ 2. ವಾಟ್ಸಾಪ್ ವೆಬ್ ಬೇಕಾದರೆ "ನೋಟಿಫಿಕೇಶನ್ಸ್‌ಅಲೋಡ್‌ಫಾರ್‌ಯುಆರ್‌ಎಲ್ಸ್" ಕೀ ಮಾಡಿ 1ರಲ್ಲಿ ಅದರ ಪೂರ್ಣ ವಿಳಾಸ ಹಾಕಿರಿ. "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಮತ್ತೆ ಕಾಣುತ್ತದೆ, ಗಾಬರಿ ಬೇಡ, ಈ ಸಲ ಆರ್ಗನೈಸೇಶನ್ ನೀವೇ.

ಹುಡುಗರ ವಿಂಡೋಸ್ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರಬಾರದು, ಸ್ಟ್ಯಾಂಡರ್ಡ್ ಇರಲಿ. ಇಲ್ಲದಿದ್ದರೆ ಸೆಟಪ್ ಫೈಲೊಂದು ಈ ಬೀಗವನ್ನೇ ಮುರಿಯುತ್ತದೆ. ಗಿರಾಕಿ ತಮ್ಮ ಜಿಮೇಲ್ ತೆರೆಯಬೇಕು ಎಂದಾಗ ಪ್ರೊಫೈಲ್ ಚಿತ್ರ ಒತ್ತಿ "ಗೆಸ್ಟ್" ಕಿಟಕಿ ಕೊಡಿರಿ. ಅದರಲ್ಲಿ ಎಕ್ಸ್‌ಟೆನ್ಶನ್ ಇರುವುದಿಲ್ಲ, ಮುಚ್ಚಿದರೆ ಲಾಗಿನ್ ಅಳಿಯುತ್ತದೆ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಫೋಲ್ಡರಿನಲ್ಲಿ ಉಳಿಯುತ್ತದೆ, ಅದನ್ನು ನೀವು ಅಳಿಸಬೇಕು. ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು ಕ್ರೋಮ್ ಶಾರ್ಟ್‌ಕಟ್ ಮಾಡಿ, ಟಾರ್ಗೆಟ್ ಸಾಲಿನ ಕೊನೆಯ ಉದ್ಧರಣ ಚಿಹ್ನೆಯ ಆಚೆ ಒಂದು ಸ್ಪೇಸ್, ಎರಡು ಅಡ್ಡಗೆರೆ, ಗೆಸ್ಟ್ ಎಂದು ಸೇರಿಸಿದರೆ ನೇರ ಗೆಸ್ಟ್ ಕಿಟಕಿಯೇ ತೆರೆಯುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಮೇಲೆ ಭದ್ರತಾ ಅಪ್‌ಡೇಟ್ ಬರಬೇಕಾದರೆ ಇಎಸ್‌ಯು ಎಂಬ ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ಯೋಜನೆಗೆ ಬೇರೆ ನೋಂದಣಿ ಆಗಬೇಕು. ಎಸ್‌ಎಸ್‌ಡಿ ಹಾಕಿಸುವಾಗಲೇ ನಿಮ್ಮ ಪ್ರೊಸೆಸರ್ ವಿಂಡೋಸ್ 11ಕ್ಕೆ ನಡೆಯುತ್ತದೆಯೇ ಎಂದು ಅಂಗಡಿಯವರ ಹತ್ತಿರ ನೋಡಿಸಿಕೊಳ್ಳಿರಿ.